ಫೀನೈಲ್‌ಕೀಟೋನೂರಿಯ: ಒಂದು ಆನುವಂಶಿಕ ರೋಗದ ಚರಿತ್ರೆ ಮತ್ತು ಹೆತ್ತವರ ಸಾಕ್ಷ್ಯ

ರೋಗಗಳ ಚರಿತ್ರೆ ಎಂದೊಡನೆ ನಮ್ಮ ಅಧ್ಯಯನಕಾರರ ಗಮನ ಸಹಜವಾಗಿಯೇ ಸಾಂಕ್ರಾಮಿಕ ಪಿಡುಗುಗಳ ಕಡೆಗೆ ಹರಿಯುತ್ತದೆ. 1898ರಲ್ಲಿ ಬೆಂಗಳೂರನ್ನು ತಲ್ಲಣಗೊಳಿಸಿದ ಪ್ಲೇಗು, ಅಮ್ಮನೆಂದು ಪೂಜೆಗೊಂಡ ಸಿಡುಬು, ಜಾತ್ರೆಗಳ ಬೆನ್ನಿಗೇ ಬರುತ್ತಿದ್ದ ಕಾಲರಾ, ಇವೆಲ್ಲ ಸರ್ಕಾರಿ ವರದಿಗಳಲ್ಲಿ, ಜನಗಣತಿಯ ಪಟ್ಟಿಗಳಲ್ಲಿ, ಜನಪದರ ನೆನಪುಗಳಲ್ಲಿ ತಮ್ಮ ಗುರುತನ್ನು ಉಳಿಸಿ ಹೋಗಿವೆ. ಹತ್ತು ಹದಿನೈದು ಸಾವಿರ ಹೆರಿಗೆಗಳಿಗೆ ಒಂದರಂತೆ ಕಾಣಿಸಿಕೊಳ್ಳುವ ಆನುವಂಶಿಕ ತೊಂದರೆಯೊಂದು ಹೀಗೆ ಊರನ್ನು ನಡುಗಿಸುವುದಿಲ್ಲ. ಅದು ಒಂದು ಮನೆಯೊಳಗೆ ಹುಟ್ಟಿ, ಆ ಮನೆಯೊಳಗೇ ಮುಗಿದುಹೋಗುತ್ತದೆ. ಅದನ್ನು ಕಂಡವರು ಹೆತ್ತವರು ಮಾತ್ರ. ಅವರ ಮಾತನ್ನು ಬರೆದಿಟ್ಟುಕೊಂಡವರು ವಿರಳ. ಆದ್ದರಿಂದ ಇಂತಹ ರೋಗಗಳ ಚರಿತ್ರೆಯನ್ನು ಬರೆಯುವಾಗ ಆಕರಗಳ ಪ್ರಶ್ನೆಯೇ ಮೊದಲ ಪ್ರಶ್ನೆಯಾಗಿ ನಿಲ್ಲುತ್ತದೆ.

ಪ್ರಸ್ತುತ ಪ್ರಬಂಧವು ಫೀನೈಲ್‌ಕೀಟೋನೂರಿಯ ಅಥವಾ ವೈದ್ಯರು ಸಂಕ್ಷೇಪವಾಗಿ ಪಿ.ಕೆ.ಯು. ಎಂದು ಕರೆಯುವ ರೋಗದ ಚರಿತ್ರೆಯನ್ನು ಪರಿಶೀಲಿಸುತ್ತದೆ. ಈ ರೋಗವನ್ನು ಆರಿಸಿಕೊಳ್ಳಲು ಕಾರಣವಿದೆ. ಬುದ್ಧಿಬೆಳವಣಿಗೆಯನ್ನು ಕುಂಠಿತಗೊಳಿಸುವ ಆನುವಂಶಿಕ ರೋಗಗಳಲ್ಲಿ, ರಾಸಾಯನಿಕ ಕಾರಣವನ್ನು ಖಚಿತವಾಗಿ ತೋರಿಸಿಕೊಡಲು ಸಾಧ್ಯವಾದ ಮತ್ತು ಆಹಾರದ ನಿಯಂತ್ರಣದಿಂದ ತಡೆಗಟ್ಟಲು ಸಾಧ್ಯವಾದ ಮೊದಲ ರೋಗಗಳಲ್ಲಿ ಇದು ಪ್ರಮುಖವಾದುದು. ರಕ್ತದಲ್ಲಿ ಬಂದದ್ದು ಹಣೆಬರಹ, ಅದಕ್ಕೆ ಮದ್ದಿಲ್ಲ ಎಂಬ ನಂಬಿಕೆ ಸಾಮಾನ್ಯರಲ್ಲಿ ಮಾತ್ರವಲ್ಲದೆ ವಿದ್ವಾಂಸರಲ್ಲಿಯೂ ಬಲವಾಗಿದ್ದ ಕಾಲದಲ್ಲಿ ಈ ಒಂದು ರೋಗ ಅದಕ್ಕೆ ಅಪವಾದವಾಗಿ ನಿಂತಿತು. ಆ ಅಪವಾದ ಸಾಧ್ಯವಾದದ್ದು ಪ್ರಯೋಗಾಲಯದ ಕೌಶಲದಿಂದ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ನಿಜವೇ. ಆದರೆ ಈ ಚರಿತ್ರೆಯ ಬಹುಪಾಲು ಮುಖ್ಯ ತಿರುವುಗಳಲ್ಲಿ, ಉತ್ತರ ಸಿಗದಿದ್ದರೂ ಪ್ರಶ್ನೆಯನ್ನು ಬಿಡದ ತಾಯಿ ಅಥವಾ ತಂದೆಯೊಬ್ಬರು ಇದ್ದಾರೆ ಎಂಬುದು ಅಷ್ಟೇ ನಿಜ. ಈ ಎರಡನೆಯ ಸಂಗತಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಮೊದಲಿಗೆ ರೋಗದ ಸ್ವರೂಪವನ್ನು ಸ್ಥೂಲವಾಗಿ ತಿಳಿಯುವುದು ಅವಶ್ಯ. ನಾವು ಸೇವಿಸುವ ಹಾಲು, ಬೇಳೆ, ಮೊಟ್ಟೆ, ಮಾಂಸಗಳ ಪ್ರೋಟೀನಿನಲ್ಲಿ ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲವಿದೆ. ದೇಹಕ್ಕೆ ಇದು ಬೇಕು, ಆದರೆ ಮಿತವಾಗಿ. ಹೆಚ್ಚಾದುದನ್ನು ಯಕೃತ್ತಿನಲ್ಲಿರುವ ಒಂದು ಕಿಣ್ವವು ಟೈರೋಸಿನ್ ಎಂಬ ಇನ್ನೊಂದು ಅಮೈನೊ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಕಿಣ್ವವನ್ನು ರೂಪಿಸುವ ವಂಶವಾಹಿಯು ತಾಯಿ ಮತ್ತು ತಂದೆ ಇಬ್ಬರಿಂದಲೂ ದೋಷಪೂರ್ಣವಾಗಿ ಬಂದಾಗ ಮಗುವಿನಲ್ಲಿ ಈ ಮಾರ್ಪಾಡು ನಡೆಯುವುದಿಲ್ಲ. ಫೀನೈಲ್‌ಅಲನಿನ್ ರಕ್ತದಲ್ಲಿ ಶೇಖರವಾಗಿ, ಬೆಳೆಯುತ್ತಿರುವ ಮಿದುಳಿಗೆ ಹಾನಿಯನ್ನುಂಟುಮಾಡುತ್ತದೆ. ಅದರ ಒಂದಂಶ ಫೀನೈಲ್‌ಪೈರುವಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಫೀನೈಲ್‌ಅಸಿಟಿಕ್ ಆಮ್ಲವಾಗಿ ಮಾರ್ಪಟ್ಟ ಇನ್ನೊಂದಂಶ ಮಗುವಿನ ಬೆವರಿಗೂ ಮೂತ್ರಕ್ಕೂ ಇಲಿಯ ಗೂಡಿನಂತಹ ಮುಗ್ಗಲು ವಾಸನೆಯನ್ನು ಕೊಡುತ್ತದೆ. ಕೂದಲು ಚರ್ಮಗಳಿಗೆ ಬಣ್ಣ ಕೊಡುವ ದ್ರವ್ಯ ಟೈರೋಸಿನ್‌ನಿಂದ ತಯಾರಾಗುವುದರಿಂದ ಈ ಮಕ್ಕಳು ತಮ್ಮ ಒಡಹುಟ್ಟಿದವರಿಗಿಂತ ಬಿಳುಪಾಗಿರುವುದೂ ಉಂಟು. ಹೆತ್ತವರಿಬ್ಬರೂ ಆರೋಗ್ಯವಂತರಾಗಿಯೇ ಇರುತ್ತಾರೆ. ಅವರು ವಾಹಕರು ಮಾತ್ರ. ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಇದರಲ್ಲಿ ಚರಿತ್ರೆಯ ದೃಷ್ಟಿಯಿಂದ ಬಹು ಮುಖ್ಯವಾದ ಅಂಶವೊಂದಿದೆ. ಗರ್ಭದಲ್ಲಿರುವಾಗ ಹೆಚ್ಚುವರಿ ಫೀನೈಲ್‌ಅಲನಿನ್ನನ್ನು ತಾಯಿಯ ದೇಹವೇ ನಿರ್ವಹಿಸುವುದರಿಂದ ಮಗು ಹುಟ್ಟುವಾಗ ಸಂಪೂರ್ಣ ಆರೋಗ್ಯವಾಗಿರುತ್ತದೆ. ಹಾನಿ ಆರಂಭವಾಗುವುದು ಹಾಲು ಕುಡಿಯತೊಡಗಿದ ಮೇಲೆ. ತಿಂಗಳುಗಳು ಕಳೆದಂತೆ ಮಗುವಿನ ನಗು ಕಡಿಮೆಯಾಗುತ್ತದೆ, ಕತ್ತು ನಿಲ್ಲುವುದು ತಡವಾಗುತ್ತದೆ, ಮಾತು ಬರುವುದಿಲ್ಲ. ಈ ಬದಲಾವಣೆಯನ್ನು ದಿನದಿನವೂ ಕಾಣುವವಳು ತಾಯಿ. ಹಿರಿಯರಿಗೆ ಹೇಳಿದರೆ, ಅವರಪ್ಪನೂ ತಡವಾಗಿಯೇ ಮಾತಾಡಿದ್ದು ಎಂಬ ಸಮಾಧಾನ ಸಿಗುತ್ತದೆ. ನಮ್ಮ ಮನೆಗಳಲ್ಲಿ ಈಗಲೂ ಕೇಳಿಬರುವ ಈ ಮಾತಿನಲ್ಲಿ ಕಳೆದುಹೋಗುವ ತಿಂಗಳುಗಳಿಗೆ ಎಷ್ಟು ಬೆಲೆಯುಂಟೆಂಬುದು ಮುಂದಿನ ವಿವರಗಳಿಂದ ತಿಳಿದುಬರುತ್ತದೆ.

ನಾರ್ವೆ ದೇಶದ ಎಗೆಲಾಂಡ್ ದಂಪತಿಗಳಿಗೆ ಇಬ್ಬರು ಮಕ್ಕಳು. 1927ರಲ್ಲಿ ಹುಟ್ಟಿದ ಮಗಳು ನೋಡಲು ಲಕ್ಷಣವಾಗಿದ್ದಳು. ಆದರೆ ನಡೆ ನುಡಿಗಳೆರಡೂ ಹಿಂದುಳಿದವು. 1930ರಲ್ಲಿ ಹುಟ್ಟಿದ ಮಗನ ಸ್ಥಿತಿ ಅದಕ್ಕಿಂತ ಕಠಿನ. ನಾಲ್ಕು ವರ್ಷವಾದರೂ ಅವನು ನಡೆಯಲಿಲ್ಲ, ಮಾತಾಡಲಿಲ್ಲ. ತಾಯಿ ಬೋರ್ಗ್ನಿ ಎಗೆಲಾಂಡ್ ಈ ಮಕ್ಕಳನ್ನು ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರಿಗೆ ಕರೆದೊಯ್ದರು. ಆಕೆ ಕೇಳುತ್ತಿದ್ದ ಪ್ರಶ್ನೆಗಳು ಎರಡು: ಹುಟ್ಟುವಾಗ ಸರಿಯಾಗಿದ್ದ ಮಕ್ಕಳು ಹೀಗಾದದ್ದೇಕೆ ಎಂಬುದು ಒಂದು, ಇವರ ಮೈಯಿಂದ, ಕೂದಲಿನಿಂದ, ಮೂತ್ರದಿಂದ ಹೋಗದಂತೆ ಬರುತ್ತಿರುವ ಈ ವಾಸನೆ ಏನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯರಲ್ಲಿ ಉತ್ತರವಿರಲಿಲ್ಲ. ಎರಡನೆಯದನ್ನು ಪ್ರಶ್ನೆಯೆಂದೇ ಅವರು ಪರಿಗಣಿಸಲಿಲ್ಲ.

ತಂದೆ ಹ್ಯಾರಿ ಎಗೆಲಾಂಡ್ ದಂತವೈದ್ಯರು. ತಮಗೆ ಹಿಂದೆ ಪಾಠ ಹೇಳಿದ್ದ ಆಸ್ಬ್ಯೋರ್ನ್ ಫೋಲಿಂಗ್ ಅವರನ್ನು ಕಾಣುವ ಅವಕಾಶ 1934ರಲ್ಲಿ ಅವರಿಗೆ ಒದಗಿತು. ಫೋಲಿಂಗ್ (1888-1973) ವೈದ್ಯರಾಗುವ ಮೊದಲು ಟ್ರೋಂಡ್‌ಹೈಮ್‌ನಲ್ಲಿ ರಸಾಯನಶಾಸ್ತ್ರವನ್ನು ವ್ಯಾಸಂಗ ಮಾಡಿದ್ದರು. ಈ ಎರಡು ವಿದ್ಯೆಗಳು ಒಬ್ಬರಲ್ಲಿಯೇ ಕೂಡಿದ್ದುದು ಆಕಸ್ಮಿಕವಾದರೂ ಫಲಪ್ರದವಾಯಿತು. ಮಕ್ಕಳನ್ನು ಪರೀಕ್ಷಿಸಿದಾಗ ಅವರಿಗೆ ವಿಶೇಷವಾದುದೇನೂ ಕಾಣಲಿಲ್ಲ. ಆದರೂ ತಾಯಿ ಹೇಳಿದ ವಾಸನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೂತ್ರವನ್ನು ತರಿಸಿದರು. ಮಧುಮೇಹಿಗಳ ಮೂತ್ರದಲ್ಲಿ ಕೀಟೋನುಗಳನ್ನು ಪತ್ತೆ ಮಾಡಲು ಅಂದು ಫೆರಿಕ್ ಕ್ಲೋರೈಡ್ ದ್ರಾವಣವನ್ನು ಬಳಸುತ್ತಿದ್ದರು. ಕೀಟೋನುಗಳಿದ್ದರೆ ಕೆಂಗಂದು ಬಣ್ಣ ಬರುತ್ತದೆ. ಈ ಮಕ್ಕಳ ಮೂತ್ರ ಗಾಢ ಹಸಿರಾಯಿತು, ಕೆಲವು ನಿಮಿಷಗಳಲ್ಲಿ ಆ ಹಸಿರು ಮಾಸಿಹೋಯಿತು. ಅಂತಹ ಪ್ರತಿಕ್ರಿಯೆಯನ್ನು ಫೋಲಿಂಗ್ ಎಲ್ಲಿಯೂ ಓದಿರಲಿಲ್ಲ.

ಮಕ್ಕಳಿಗೆ ಕೊಡುತ್ತಿದ್ದ ಔಷಧಗಳಿಂದ ಹೀಗಾಗಿರಬಹುದೆಂದು ಶಂಕಿಸಿ ಎಲ್ಲ ಮದ್ದುಗಳನ್ನೂ ಒಂದು ವಾರ ನಿಲ್ಲಿಸುವಂತೆ ಅವರು ತಿಳಿಸಿದರು. ನಿಲ್ಲಿಸಿದ ಮೇಲೂ ಹಸಿರು ಬಂದಿತು. ಅನಂತರ ಆ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೆಲಸ ಆರಂಭವಾಯಿತು. ಇದಕ್ಕಾಗಿ 22 ಲೀಟರುಗಳಷ್ಟು ಮೂತ್ರವನ್ನು ಸಂಗ್ರಹಿಸಬೇಕಾಯಿತು. ಇಬ್ಬರು ಅಸಹಾಯಕ ಮಕ್ಕಳಿಂದ, ಅದರಲ್ಲಿಯೂ ತನ್ನ ದೇಹದ ಮೇಲೆ ಹಿಡಿತವಿಲ್ಲದ ಹುಡುಗನೊಬ್ಬನಿಂದ, ಅಷ್ಟನ್ನು ಸಂಗ್ರಹಿಸಿ ತಂದುಕೊಟ್ಟವರು ಯಾರೆಂದು ಯೋಚಿಸಿದರೆ ಈ ಸಂಶೋಧನೆಯಲ್ಲಿ ತಾಯಿಯ ಪಾಲೆಷ್ಟೆಂಬುದು ಸ್ಪಷ್ಟವಾಗುತ್ತದೆ. ಆಕೆಯನ್ನು ಸಹಾಯಕಿ ಎಂದು ಕರೆಯುವುದೂ ಅಷ್ಟು ಸರಿಯಲ್ಲ. ಗಮನಿಸಿದವಳು, ಪ್ರಶ್ನೆಯನ್ನು ರೂಪಿಸಿದವಳು, ಸಾಮಗ್ರಿಯನ್ನು ಒದಗಿಸಿದವಳು ಆಕೆ. ವಿಶ್ಲೇಷಣೆ ಫೋಲಿಂಗ್ ಅವರದು. ಆ ಅಸ್ಥಿರ ವಸ್ತುವನ್ನು ಗಾಳಿ ತಾಗದಂತೆ ಸಂಸ್ಕರಿಸಿ, ಅದರ ರಾಸಾಯನಿಕ ಸೂತ್ರವನ್ನೂ ಕರಗುವ ಉಷ್ಣತೆಯನ್ನೂ ನಿರ್ಧರಿಸಿ ಅದು ಫೀನೈಲ್‌ಪೈರುವಿಕ್ ಆಮ್ಲವೆಂದು ಅವರು ಸಿದ್ಧಪಡಿಸಿದರು. ಬಳಿಕ ಓಸ್ಲೊ ಸುತ್ತಲಿನ ಆಶ್ರಯಸಂಸ್ಥೆಗಳಲ್ಲಿದ್ದ 430 ಜನ ಬುದ್ಧಿಮಾಂದ್ಯರ ಮೂತ್ರವನ್ನು ಪರೀಕ್ಷಿಸಿದಾಗ ಇನ್ನೂ ಎಂಟು ಮಂದಿಯಲ್ಲಿ ಇದೇ ಹಸಿರು ಕಂಡಿತು. ಒಡಹುಟ್ಟಿದವರಲ್ಲಿಯೇ ಅದು ಮರುಕಳಿಸಿದ್ದುದರಿಂದ ರೋಗ ವಂಶದಲ್ಲಿ ಸಾಗುವುದೆಂಬ ಅನುಮಾನಕ್ಕೆ ಆಧಾರ ಸಿಕ್ಕಿತು. 1934ರಲ್ಲಿಯೇ ಫಲಿತಾಂಶ ಪ್ರಕಟವಾಯಿತು.

ಫೋಲಿಂಗ್ ಇದಕ್ಕೆ ಇಟ್ಟ ಹೆಸರಿನಲ್ಲಿ ಇಂಬೆಸಿಲಿಟಿ ಎಂಬ ಅರ್ಥದ ಲ್ಯಾಟಿನ್ ಪದವಿತ್ತು. ಅಂದು ಅದು ಬೈಗುಳವಲ್ಲ, ವೈದ್ಯಕೀಯ ವರ್ಗೀಕರಣದ ಪಾರಿಭಾಷಿಕ ಪದ. ಆದರೂ ಹೆಸರು ರೋಗವನ್ನಲ್ಲ, ರೋಗಿಯ ದರ್ಜೆಯನ್ನು ಸೂಚಿಸುತ್ತಿತ್ತು. 1937ರಲ್ಲಿ ಇಂಗ್ಲೆಂಡಿನ ಲಯೊನೆಲ್ ಪೆನ್‌ರೋಸ್ ಮತ್ತು ಕ್ವಾಸ್ಟೆಲ್ ಅದನ್ನು ಬದಲಿಸಿ ಫೀನೈಲ್‌ಕೀಟೋನೂರಿಯ ಎಂಬ ಹೆಸರನ್ನು ಬಳಕೆಗೆ ತಂದರು. ಉಚ್ಚಾರಣೆಗೆ ತೊಡಕಾದರೂ ಈ ಹೆಸರಿನಲ್ಲಿ ಅವಮಾನವಿಲ್ಲ.

ಇಲ್ಲಿ ಕಾಲದ ಸಂದರ್ಭವನ್ನು ನೆನೆಯಬೇಕು. ಇದಕ್ಕೆ ಮೂರು ದಶಕಗಳ ಹಿಂದೆ, 1902ರಲ್ಲಿ, ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯರು ಮೂತ್ರ ಕಪ್ಪಾಗುವ ಆಲ್ಕಾಪ್ಟೋನೂರಿಯ ಎಂಬ ಸ್ಥಿತಿಯನ್ನು ಅಭ್ಯಸಿಸಿ, ಅದು ರಕ್ತಸಂಬಂಧಿಗಳ ವಿವಾಹದಿಂದ ಹುಟ್ಟಿದ ಮಕ್ಕಳಲ್ಲಿ ಹೆಚ್ಚಾಗಿರುವುದನ್ನು ಗುರುತಿಸಿ, ಮೆಂಡಲನ ನಿಯಮಗಳಿಗೆ ಹೊಂದಿಸಿ ವಿವರಿಸಿದ್ದರು. 1908ರ ಉಪನ್ಯಾಸಗಳಲ್ಲಿ ಅವರು ಮಂಡಿಸಿದ ಜನ್ಮಜಾತ ಚಯಾಪಚಯ ದೋಷಗಳ ಕಲ್ಪನೆಗೆ ಆಗ ಹೆಚ್ಚಿನ ಮನ್ನಣೆ ಸಿಗಲಿಲ್ಲ. ಮನ್ನಣೆ ಸಿಕ್ಕಿದ್ದು ಸುಸಂತಾನ ವಾದಕ್ಕೆ. ಬುದ್ಧಿಮಾಂದ್ಯರು ಸಂತಾನ ಪಡೆಯದಂತೆ ತಡೆದರೆ ಜನಾಂಗ ಶುದ್ಧವಾಗುವುದೆಂಬ ಆ ವಾದ ಅಮೆರಿಕದ ಹಲವು ರಾಜ್ಯಗಳಲ್ಲಿ ಕಾನೂನಾಗಿತ್ತು. ಜರ್ಮನಿಯಲ್ಲಿ 1933ರಲ್ಲಿ ಅಂಗೀಕಾರಗೊಂಡ ಕಡ್ಡಾಯ ಸಂತಾನಹರಣ ಶಾಸನ ಮರುವರ್ಷ ಜಾರಿಗೆ ಬಂದಿತು. ನಾರ್ವೆಯ ಸಂಸತ್ತು ಕೂಡ ತನ್ನ ಸಂತಾನಹರಣ ಶಾಸನವನ್ನು ಅಂಗೀಕರಿಸಿದ್ದು 1934ರಲ್ಲಿಯೇ. ಬುದ್ಧಿಮಾಂದ್ಯತೆಯ ಒಂದು ಬಗೆಗೆ ರಾಸಾಯನಿಕ ಕಾರಣವಿದೆಯೆಂದು ಓಸ್ಲೊ ನಗರದ ಪ್ರಯೋಗಾಲಯವೊಂದು ತೋರಿಸಿಕೊಟ್ಟ ವರ್ಷದಲ್ಲಿಯೇ ಅದೇ ನಗರದ ಶಾಸನಸಭೆ ಅದನ್ನು ಶಸ್ತ್ರದಿಂದ ನಿವಾರಿಸಬಹುದೆಂದು ತೀರ್ಮಾನಿಸಿತೆಂಬುದು ಆ ಕಾಲದ ಮನೋಭಾವವನ್ನು ತಿಳಿಸುತ್ತದೆ.

ಈ ವಾದದ ಪೊಳ್ಳುತನವನ್ನು ಪಿ.ಕೆ.ಯು. ಉದಾಹರಣೆಯಿಂದಲೇ ಬಯಲಿಗೆಳೆದವರು ಪೆನ್‌ರೋಸ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸುಸಂತಾನ ವಾದದ ಪ್ರವರ್ತಕ ಗಾಲ್ಟನ್ನನ ಹೆಸರಿನ ಪೀಠವನ್ನು ಅಲಂಕರಿಸಿದಾಗ ಅವರು ತಮ್ಮ ಮೊದಲ ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯ ಇದು. ಆ ಉಪನ್ಯಾಸ 1946ರಲ್ಲಿ ಪ್ರಕಟವಾಯಿತು. ಅವರ ಲೆಕ್ಕ ಸರಳ. ರೋಗಿಗಳು ಕೆಲವೇ ಮಂದಿ, ಅವರಲ್ಲಿ ಬಹುತೇಕರಿಗೆ ಮಕ್ಕಳೇ ಆಗುವುದಿಲ್ಲ. ದೋಷವಾಹಿ ಇರುವುದು ಆರೋಗ್ಯವಂತರಾದ ವಾಹಕರಲ್ಲಿ, ಅವರು ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಷ್ಟಿದ್ದಾರೆ. ಬೆರಳೆಣಿಕೆಯ ನಿರುಪದ್ರವಿ ರೋಗಿಗಳು ಹುಟ್ಟದಂತೆ ಮಾಡಲು ಇವರೆಲ್ಲರ ಸಂತಾನಹರಣ ಮಾಡಬೇಕೆಂದು ಹುಚ್ಚನಲ್ಲದೆ ಬೇರಾರೂ ಹೇಳಲಾರರು ಎಂಬುದು ಅವರ ವಾದದ ತಾತ್ಪರ್ಯ. ತಮಗೆ ಗೊತ್ತಿದ್ದ ರೋಗಿಗಳಲ್ಲಿ ಯಹೂದಿಗಳು ಇಲ್ಲದಿರುವುದನ್ನು ಪ್ರಸ್ತಾಪಿಸಿ, ಆರ್ಯರೆನಿಸಿಕೊಂಡವರಿಗೆ ಮಾತ್ರ ಅನ್ವಯವಾಗುವ ಇಂತಹ ಕಾರ್ಯಕ್ರಮ ಆಗಷ್ಟೇ ಉರುಳಿದ್ದ ಜರ್ಮನ್ ಸರ್ಕಾರಕ್ಕೆ ರುಚಿಸುತ್ತಿರಲಿಲ್ಲವೆಂದು ಅವರು ಚುಚ್ಚಿದ್ದೂ ಉಂಟು.

ಆದರೆ ವಾದವನ್ನು ಗೆಲ್ಲುವುದು ಬೇರೆ, ಮಗುವನ್ನು ಉಳಿಸುವುದು ಬೇರೆ. ಫೀನೈಲ್‌ಅಲನಿನ್ ಇಲ್ಲದ ಆಹಾರವನ್ನು ಕೊಟ್ಟರೆ ಏನಾದೀತೆಂಬ ಆಲೋಚನೆ ಪೆನ್‌ರೋಸ್‌ಗೂ ಬಂದಿತ್ತು. ಹಣ್ಣು, ಸಕ್ಕರೆ, ಎಣ್ಣೆ, ಜೀವಸತ್ವಗಳ ಪಥ್ಯವನ್ನು ಸ್ವಲ್ಪ ಕಾಲ ಪ್ರಯತ್ನಿಸಿ ಕೈಬಿಟ್ಟರು. ಪ್ರೋಟೀನು ಇಲ್ಲದೆ ಮಗು ಬೆಳೆಯದು, ಪ್ರೋಟೀನು ಕೊಟ್ಟರೆ ಮಿದುಳು ಉಳಿಯದು ಎಂಬುದು ಸಮಸ್ಯೆ. ಫೋಲಿಂಗ್ ಅವರ ಸಂಶೋಧನೆಯಿಂದ ಮೊದಲ ಚಿಕಿತ್ಸೆಯವರೆಗೆ ಹದಿನೇಳು ವರ್ಷಗಳು ಸಂದವು. ಎಗೆಲಾಂಡ್ ದಂಪತಿಗಳ ಮಗ ಹದಿಮೂರನೆಯ ವಯಸ್ಸಿನಲ್ಲಿಯೇ ತೀರಿಕೊಂಡಿದ್ದ.

ಈ ನಡುವಿನ ಅವಧಿಯ ಹೆತ್ತವರ ಸ್ಥಿತಿಯನ್ನು ತಿಳಿಯಲು ದೊರೆಯುವ ಅಪೂರ್ವವಾದ ಲಿಖಿತ ಆಕರ ಒಬ್ಬ ಪ್ರಸಿದ್ಧ ಲೇಖಕಿಯದು. 'ದಿ ಗುಡ್ ಅರ್ತ್' ಕಾದಂಬರಿಯ ಮೂಲಕ ಹೆಸರಾಗಿ 1938ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪರ್ಲ್ ಬಕ್ ಅವರ ಮಗಳು 1920ರಲ್ಲಿ ಚೀನಾದಲ್ಲಿ ಹುಟ್ಟಿದಳು. ಮಗು ಬೆಳೆಯುತ್ತಿಲ್ಲವೆಂಬುದು ತಾಯಿಗೆ ನಿಧಾನವಾಗಿ ಅರಿವಾಯಿತು. ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿಯೂ ಕಾರಣ ತಿಳಿಯಲಿಲ್ಲ. 1929ರಲ್ಲಿ ಆಕೆ ಮಗಳನ್ನು ನ್ಯೂಜೆರ್ಸಿಯ ವೈನ್‌ಲ್ಯಾಂಡ್ ತರಬೇತಿ ಶಾಲೆಗೆ ಸೇರಿಸಿದರು. ಆ ವೆಚ್ಚವನ್ನು ಭರಿಸಬೇಕಾದ ಅಗತ್ಯ ಅವರ ಬರವಣಿಗೆಯ ಹಿಂದಿನ ಒತ್ತಾಯಗಳಲ್ಲಿ ಒಂದಾಗಿತ್ತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮೌನವಾಗಿದ್ದು, 1950ರಲ್ಲಿ 'ದಿ ಚೈಲ್ಡ್ ಹೂ ನೆವರ್ ಗ್ರ್ಯೂ' ಎಂಬ ಕಿರುಪುಸ್ತಕದಲ್ಲಿ ಅವರು ಈ ಅನುಭವವನ್ನು ಪ್ರಕಟಿಸಿದರು. ಇಂತಹ ಮಕ್ಕಳನ್ನು ಮರೆಮಾಡುತ್ತಿದ್ದ ಸಮಾಜದಲ್ಲಿ ನೊಬೆಲ್ ಪುರಸ್ಕೃತೆಯೊಬ್ಬರು ನನ್ನ ಮಗಳು ಹೀಗಿದ್ದಾಳೆಂದು ಹೇಳಿದ್ದು ಸಣ್ಣ ಸಂಗತಿಯಲ್ಲ. ಪುಸ್ತಕ ಬರೆಯುವಾಗ ಮಗಳ ರೋಗದ ಹೆಸರು ಆಕೆಗೆ ಗೊತ್ತಿರಲಿಲ್ಲ. ಅದು ಪಿ.ಕೆ.ಯು. ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಅನಂತರ. ಆ ಮಗಳು ವೈನ್‌ಲ್ಯಾಂಡಿನಲ್ಲಿಯೇ 1992ರವರೆಗೆ ಬದುಕಿದ್ದಳು.

ಚಿಕಿತ್ಸೆಯ ಆರಂಭ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯಲ್ಲಾಯಿತು. 1951ರಲ್ಲಿ ಜರ್ಮನ್ ವೈದ್ಯ ಹಾರ್ಸ್ಟ್ ಬಿಕೆಲ್ ಅಲ್ಲಿ ಪುಟ್ಟ ಬಾಲಕಿಯೊಬ್ಬಳಲ್ಲಿ ಈ ರೋಗವನ್ನು ಗುರುತಿಸಿದರು. ನಿಲ್ಲಲಾರದ, ನಡೆಯಲಾರದ, ಸುತ್ತಲಿನ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ನರಳುತ್ತ, ಅಳುತ್ತ, ತಲೆ ಚಚ್ಚಿಕೊಳ್ಳುತ್ತಿದ್ದ ಮಗು. ರೋಗವೇನೆಂದು ಪತ್ತೆಹಚ್ಚಿದ್ದಕ್ಕೆ ವೈದ್ಯರು ಹೆಮ್ಮೆಪಟ್ಟರು. ಬಡ ತಾಯಿಗೆ ಅದರಿಂದ ಸಮಾಧಾನವಾಗಲಿಲ್ಲ. ಹೆಸರು ಹೇಳಿದರೆ ಸಾಲದು, ಮದ್ದು ಹೇಳಿ ಎಂದು ಆಕೆ ದಿನವೂ ಬೆಳಿಗ್ಗೆ ಪ್ರಯೋಗಾಲಯದ ಮುಂದೆ ಬಂದು ನಿಲ್ಲುತ್ತಿದ್ದಳೆಂಬುದನ್ನು ಬಿಕೆಲ್ ಅವರೇ ಮುಂದೆ ಸ್ಮರಿಸಿಕೊಂಡಿದ್ದಾರೆ. ಲಂಡನ್ನಿನ ಲೂಯಿ ವುಲ್ಫ್ ಎಂಬ ರಸಾಯನವಿಜ್ಞಾನಿ ನೀಡಿದ ಸಲಹೆಯ ಜಾಡು ಹಿಡಿದು ಬಿಕೆಲ್, ಜಾನ್ ಜೆರಾರ್ಡ್ ಮತ್ತು ಎವ್ಲಿನ್ ಹಿಕ್‌ಮನ್ಸ್ ಹಾಲಿನ ಪ್ರೋಟೀನಾದ ಕೇಸೀನನ್ನು ಆಮ್ಲದಿಂದ ಒಡೆದು, ಇದ್ದಿಲಿನ ಮೂಲಕ ಸೋಸಿ, ಫೀನೈಲ್‌ಅಲನಿನ್ ತೆಗೆದುಹಾಕಿದ ಆಹಾರವನ್ನು ಸಿದ್ಧಪಡಿಸಿದರು. ಮೊದಲು ಫೀನೈಲ್‌ಅಲನಿನ್ ಸ್ವಲ್ಪವೂ ಇಲ್ಲದಂತೆ ಕೊಟ್ಟಾಗ ಮಗು ಸೊರಗಿತು. ಅನಂತರ ಅಳತೆಯ ಹಾಲನ್ನು ಸೇರಿಸಿದರು. ತಿಂಗಳುಗಳಲ್ಲಿ ಮಗು ತೆವಳಲು, ನಿಲ್ಲಲು, ಕುರ್ಚಿ ಹತ್ತಲು ಕಲಿತಿತು. ಕಣ್ಣುಗಳಿಗೆ ಕಳೆ ಬಂದಿತು, ಕೂದಲು ಕಪ್ಪಾಗತೊಡಗಿತು, ತಲೆ ಚಚ್ಚಿಕೊಳ್ಳುವುದು ನಿಂತಿತು.

ಈ ಸುಧಾರಣೆ ಪಥ್ಯದಿಂದಲೇ ಆದದ್ದೆಂದು ಸಾಧಿಸಲು ವೈದ್ಯರು ಮಾಡಿದ ಕೆಲಸ ಚರಿತ್ರಕಾರನನ್ನು ತಡೆದು ನಿಲ್ಲಿಸುತ್ತದೆ. ತಾಯಿಗೆ ತಿಳಿಸದೆ ಅವರು ಆ ಆಹಾರಕ್ಕೆ ಫೀನೈಲ್‌ಅಲನಿನ್ ಬೆರೆಸಿಕೊಟ್ಟರು. ಕೆಲವೇ ಗಂಟೆಗಳಲ್ಲಿ ಮಗು ಅಳತೊಡಗಿತು, ತಲೆ ಚಚ್ಚಿಕೊಳ್ಳತೊಡಗಿತು. ಕೆಲವು ದಿನಗಳಲ್ಲಿ ಕಲಿತದ್ದೆಲ್ಲ ಹೋಯಿತು. ತಾಯಿ ಗಾಬರಿಯಿಂದ ವೈದ್ಯರಿಗೆ ವರದಿ ಮಾಡಿದಳು. ಪೂರ್ವಗ್ರಹವಿಲ್ಲದ ಅವಳ ಆ ಗಾಬರಿಯೇ ಪ್ರಯೋಗದ ಪುರಾವೆಯಾಯಿತು. ಆಮೇಲೆ ವಿಷಯ ತಿಳಿಸಿ, ಆಸ್ಪತ್ರೆಯಲ್ಲಿರಿಸಿ ಪ್ರಯೋಗವನ್ನು ಮತ್ತೊಮ್ಮೆ ನಡೆಸಲಾಯಿತು. 1953ರ ಅಕ್ಟೋಬರಿನಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಓದಿ ಸಾವಿರಾರು ಮಕ್ಕಳ ಚಿಕಿತ್ಸೆ ಆರಂಭವಾಯಿತೆಂಬುದನ್ನು ಅಲ್ಲಗಳೆಯಲಾಗದು. ಇಂದಿನ ನೀತಿಸಂಹಿತೆಗಳನ್ನು ಹಿಂದಿನ ಕಾಲಕ್ಕೆ ಅನ್ವಯಿಸುವುದು ಸರಿಯಲ್ಲವೆಂಬ ವಾದವೂ ಇದೆ. ಆದರೆ ದಿನವೂ ಬಾಗಿಲಲ್ಲಿ ನಿಂತು ಚಿಕಿತ್ಸೆಯನ್ನು ಹುಡುಕಿಸಿದವಳಿಂದಲೇ ಅದನ್ನು ಮರೆಮಾಚಿದ್ದು ಅಂದಿನ ಅಳತೆಯಿಂದಲೂ ಒರಟಾಗಿಯೇ ತೋರುತ್ತದೆ. ಆ ಬಾಲಕಿಯಲ್ಲಿ ಅಷ್ಟರೊಳಗೆ ಆಗಿದ್ದ ಹಾನಿ ಪೂರ್ಣವಾಗಿ ಸರಿಹೋಗಲಿಲ್ಲ.

ಅಂದರೆ ಪಥ್ಯ ಫಲಿಸಬೇಕಾದರೆ ಹಾನಿಯಾಗುವ ಮೊದಲೇ, ಹುಟ್ಟಿದ ಕೆಲವೇ ವಾರಗಳಲ್ಲಿ ಅದು ಆರಂಭವಾಗಬೇಕು. ಆಗ ರೋಗಲಕ್ಷಣವೇ ಇರುವುದಿಲ್ಲ. ಹಸುಗೂಸಿನ ಒದ್ದೆಬಟ್ಟೆಯ ಮೇಲೆ ಫೆರಿಕ್ ಕ್ಲೋರೈಡ್ ಹಾಕಿ ಹಸಿರು ನೋಡುವ ವಿಧಾನವನ್ನು 1957ರಲ್ಲಿ ಕ್ಯಾಲಿಫೋರ್ನಿಯಾದ ವಿಲರ್ಡ್ ಸೆಂಟರ್‌ವಾಲ್ ಪ್ರಚಾರಕ್ಕೆ ತಂದರು. ಆದರೆ ಮೂತ್ರದಲ್ಲಿ ಆ ಆಮ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಹಲವು ವಾರಗಳು ಕಳೆದಿರುತ್ತವೆ. ಈ ತೊಡಕನ್ನು ನಿವಾರಿಸಿದವರು ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಸೂಕ್ಷ್ಮಜೀವಿವಿಜ್ಞಾನಿ ರಾಬರ್ಟ್ ಗಥ್ರಿ (1916-1995). ಅವರೂ ಹೆತ್ತವರ ಸಾಲಿಗೆ ಸೇರಿದವರೇ. ಅವರ ಒಬ್ಬ ಮಗ ಬೇರೊಂದು ಕಾರಣದಿಂದ ಬುದ್ಧಿಮಾಂದ್ಯನಾಗಿದ್ದ. ಅದರಿಂದಾಗಿಯೇ ಅವರು ಇಂತಹ ಮಕ್ಕಳ ಪಾಲಕರ ಸಂಘದಲ್ಲಿ ತೊಡಗಿದ್ದರು. 1958ರಲ್ಲಿ ಅವರ ಹೆಂಡತಿಯ ತಂಗಿಯ ಮಗಳಲ್ಲಿ, ಹದಿನೈದು ತಿಂಗಳಾದ ಮೇಲೆ, ಪಿ.ಕೆ.ಯು. ಪತ್ತೆಯಾಯಿತು. ತಡವಾಗಿತ್ತು.

ಗಥ್ರಿ ರೂಪಿಸಿದ ಪರೀಕ್ಷೆ ಅಚ್ಚರಿಯೆನಿಸುವಷ್ಟು ಅಗ್ಗದ್ದು. ಮಗುವಿನ ಹಿಮ್ಮಡಿಯನ್ನು ಚುಚ್ಚಿ ಒಂದು ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಒಣಗಿಸಬೇಕು. ಆ ಕಲೆಯಿಂದ ಒಂದು ಬಿಲ್ಲೆಯನ್ನು ಕತ್ತರಿಸಿ, ಬೆಳವಣಿಗೆಯನ್ನು ತಡೆಯುವ ರಾಸಾಯನಿಕವನ್ನು ಬೆರೆಸಿದ ಪೋಷಕ ಪದರದಲ್ಲಿರುವ ಬ್ಯಾಕ್ಟೀರಿಯಗಳ ಮೇಲಿಡಬೇಕು. ರಕ್ತದಲ್ಲಿ ಫೀನೈಲ್‌ಅಲನಿನ್ ಹೆಚ್ಚಾಗಿದ್ದರೆ ಆ ತಡೆಯನ್ನು ಮೀರಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಗಳ ಬಳೆಯೊಂದು ಬೆಳೆಯುತ್ತದೆ. ಒಣಗಿದ ರಕ್ತದ ಕಾಗದವನ್ನು ಅಂಚೆಯಲ್ಲಿಯೂ ಕಳುಹಿಸಬಹುದಾಗಿತ್ತು ಎಂಬುದು ಇದರ ನಿಜವಾದ ಕ್ರಾಂತಿ. ಹಳ್ಳಿಯ ಹೆರಿಗೆಮನೆಯೂ ನಗರದ ಪ್ರಯೋಗಾಲಯಕ್ಕೆ ಹತ್ತಿರವಾಯಿತು. ಸುಮಾರು ನಾಲ್ಕು ಲಕ್ಷ ಶಿಶುಗಳ ಮೇಲೆ ಪರೀಕ್ಷೆ ನಡೆಸಿದ ಮೇಲೆ 1963ರಲ್ಲಿ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯ ಇದನ್ನು ಕಡ್ಡಾಯಗೊಳಿಸಿತು. ಉಳಿದ ರಾಜ್ಯಗಳು ಅದನ್ನು ಅನುಸರಿಸಿದವು. ಕಡ್ಡಾಯ ಪರೀಕ್ಷೆಯನ್ನು ವೈದ್ಯರ ಸಂಘಟನೆಗಳಲ್ಲಿ ಕೆಲವು ವಿರೋಧಿಸಿದವು. ಕಾನೂನಿಗಾಗಿ ಶಾಸಕರ ಬಾಗಿಲು ತಟ್ಟಿದವರು ಪಾಲಕರ ಸಂಘಗಳವರು.

ಆರಂಭದ ವರ್ಷಗಳು ನಿರ್ದೋಷವಾಗಿರಲಿಲ್ಲ. ಎಷ್ಟು ಪ್ರಮಾಣ ಅಪಾಯಕಾರಿ ಎಂಬುದು ಖಚಿತವಾಗಿ ತಿಳಿಯದೆ, ಪಥ್ಯ ಬೇಕಿಲ್ಲದ ಕೆಲವು ಮಕ್ಕಳಿಗೂ ಅದನ್ನು ವಿಧಿಸಲಾಯಿತು. ಅತಿಯಾದ ಕಟ್ಟುಪಥ್ಯದಿಂದ ಪೋಷಣೆ ಕುಂದಿದ ಮಕ್ಕಳೂ ಇದ್ದರು. ಐದಾರು ವರ್ಷಕ್ಕೆ ಪಥ್ಯವನ್ನು ನಿಲ್ಲಿಸಬಹುದೆಂಬ ಅಭಿಪ್ರಾಯವೂ ಮುಂದೆ ತಪ್ಪೆಂದು ತಿಳಿಯಿತು. ಚಿಕಿತ್ಸೆಯಿಂದ ಸಹಜವಾಗಿ ಬೆಳೆದ ಹೆಣ್ಣುಮಕ್ಕಳು ತಾವೇ ತಾಯಂದಿರಾದಾಗ ಈ ಚರಿತ್ರೆ ವಿಚಿತ್ರ ತಿರುವನ್ನು ಪಡೆಯಿತು. ಅವರ ರಕ್ತದಲ್ಲಿನ ಫೀನೈಲ್‌ಅಲನಿನ್ ಗರ್ಭಸ್ಥ ಶಿಶುವಿನ ಮಿದುಳನ್ನು ಘಾಸಿಗೊಳಿಸುತ್ತಿತ್ತು. ರೋಗಪ್ರಮಾಣ ತೀವ್ರವಾಗಿದ್ದು ಪಥ್ಯವಿಲ್ಲದೆ ನಡೆದ ಇಂತಹ ಗರ್ಭಧಾರಣೆಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಬುದ್ಧಿಮಾಂದ್ಯರಾದುದನ್ನು 1980ರ ಒಂದು ಸಮೀಕ್ಷೆ ದಾಖಲಿಸಿತು. ಪಥ್ಯ ಜೀವನಪರ್ಯಂತ ಎಂಬುದು ಈಗಿನ ನಿಲುವು. 1980ರ ದಶಕದಲ್ಲಿ ಈ ಕಿಣ್ವದ ವಂಶವಾಹಿಯನ್ನು ಹನ್ನೆರಡನೆಯ ವರ್ಣತಂತುವಿನಲ್ಲಿ ಗುರುತಿಸಲಾಯಿತು. 2007 ಮತ್ತು 2018ರಲ್ಲಿ ಅಮೆರಿಕದಲ್ಲಿ ಎರಡು ಔಷಧಗಳಿಗೆ ಅನುಮತಿ ದೊರೆಯಿತು. ಆದರೂ ಚಿಕಿತ್ಸೆಯ ಆಧಾರಸ್ತಂಭ ಇಂದಿಗೂ ಆಹಾರವೇ.

ಈ ಚರಿತ್ರೆಗೂ ಕರ್ನಾಟಕಕ್ಕೂ ಇರುವ ಸಂಬಂಧ ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬಂದಿಲ್ಲ. ನವಜಾತ ಶಿಶುಗಳ ರಕ್ತಪರೀಕ್ಷೆಯ ದೊಡ್ಡ ಯೋಜನೆಯೊಂದು ಭಾರತದಲ್ಲಿ ಮೊದಲ ಬಾರಿಗೆ ನಡೆದದ್ದು ನಮ್ಮ ರಾಜ್ಯದಲ್ಲಿಯೇ. 1980ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನವಿಜ್ಞಾನಿ ಎನ್. ಅಪ್ಪಾಜಿರಾವ್ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ಅಮೈನೊ ಆಮ್ಲಗಳ ದೋಷಗಳಿಗಾಗಿ ಪರೀಕ್ಷಿಸಿದರು. ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಎ.ಎಚ್. ಬಿಟಲ್ಸ್ ಅವರೊಡಗೂಡಿ ಹೆತ್ತವರ ವಿವಾಹಸಂಬಂಧದ ವಿವರಗಳನ್ನೂ ಸಂಗ್ರಹಿಸಿದ್ದುದರಿಂದ ಈ ಯೋಜನೆ ವೈದ್ಯಕೀಯಕ್ಕಷ್ಟೇ ಅಲ್ಲದೆ ಸಮಾಜಚರಿತ್ರೆಗೂ ಮಹತ್ವದ ಆಕರವಾಗಿದೆ. ಪರಿಶೀಲಿಸಿದ ವಿವಾಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸೋದರಿಕೆಯೊಳಗಿನವು. ಅದರಲ್ಲಿಯೂ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಂಡವೇ ಹೆಚ್ಚು. ಗ್ಯಾರಡ್ 1902ರಲ್ಲಿ ಲಂಡನ್ನಿನ ಬೆರಳೆಣಿಕೆಯ ಕುಟುಂಬಗಳಲ್ಲಿ ಗಮನಿಸಿದ್ದನ್ನು ಇಲ್ಲಿ ಲಕ್ಷಗಟ್ಟಲೆ ಜನರ ನಡುವೆ ಪರಿಶೀಲಿಸಲು ಸಾಧ್ಯವಾಯಿತು. ಒಂದು ಮಿತಿಯನ್ನೂ ಹೇಳಬೇಕು. ಆ ದಶಕದಲ್ಲಿ ಹಳ್ಳಿಗಳ ಹೆರಿಗೆಗಳು ಬಹುಮಟ್ಟಿಗೆ ಮನೆಗಳಲ್ಲಿಯೇ ಆಗುತ್ತಿದ್ದವು; ಆ ಮಕ್ಕಳು ಈ ಲೆಕ್ಕದೊಳಗಿಲ್ಲ.

ಸೋದರಿಕೆಯನ್ನು ಈ ರೋಗಗಳ ಏಕೈಕ ಕಾರಣವೆಂದು ದೂಷಿಸುವ ಪ್ರವೃತ್ತಿಯೂ ನಮ್ಮಲ್ಲಿದೆ. ಅದು ವೈದ್ಯರ ಕೊಠಡಿಯಲ್ಲಿ ಬಹುಬೇಗ ತಾಯಿಯ ತವರನ್ನು ಹಳಿಯುವ ಮಾತಾಗುತ್ತದೆ. ಎಗೆಲಾಂಡ್ ದಂಪತಿಗಳ ಮಕ್ಕಳಂತೆ, ಯೂರೋಪಿನ ಪಿ.ಕೆ.ಯು. ಮಕ್ಕಳಲ್ಲಿ ಬಹುಪಾಲು ರಕ್ತಸಂಬಂಧವಿಲ್ಲದ ಹೆತ್ತವರಿಗೇ ಹುಟ್ಟಿದವರು. ಸೋದರಿಕೆಯಿಂದ ಸಂಭವ ಹೆಚ್ಚುತ್ತದೆ, ಅಷ್ಟೇ.

ವಾಸನೆಯ ವಿಷಯದಲ್ಲಿ ಇನ್ನೊಂದು ಮಾತು. 1954ರಲ್ಲಿ ಜಾನ್ ಮೆಂಕಿಸ್ ಎಂಬ ಅಮೆರಿಕದ ವೈದ್ಯರು ಇಂತಹದೇ ಮತ್ತೊಂದು ರೋಗವನ್ನು ವರ್ಣಿಸಿದರು. ಮಗುವಿನ ಮೂತ್ರಕ್ಕೆ ಮೇಪಲ್ ಮರದ ಪಾಕದ ವಾಸನೆಯಿರುವುದರಿಂದ ಅದಕ್ಕೆ ಆ ಹೆಸರೇ ಬಂದಿದೆ. ಕನ್ನಡನಾಡಿನ ಯಾವ ತಾಯಿಯೂ ಆ ಪಾಕವನ್ನು ಮೂಸಿದವಳಲ್ಲ. ಆದರೆ ಆ ವಾಸನೆಗೆ ಕಾರಣವಾದ ಸೊಟೊಲೋನ್ ಎಂಬ ವಸ್ತು ನಮ್ಮ ಮೆಂತ್ಯದಲ್ಲಿಯೂ ಇದೆ. ಮಗುವಿನ ಬಟ್ಟೆ ಮೆಂತ್ಯದಂತೆ ನಾರುತ್ತದೆ ಎಂದು ಇಲ್ಲಿನ ತಾಯಿಯೊಬ್ಬಳು ಹೇಳಿದರೆ, ಮೇಪಲ್ ಎಂದು ಓದಿ ಬಂದ ವೈದ್ಯರಿಗೆ ಅದು ರೋಗಲಕ್ಷಣವಾಗಿ ಕೇಳಿಸದೆ ಹೋಗಬಹುದು. ತಾಯಿ ಮೆಂತ್ಯ ತಿಂದಾಗಲೂ ಆರೋಗ್ಯವಂತ ಹಸುಗೂಸಿನಲ್ಲಿ ಅದೇ ವಾಸನೆ ಬರುವುದುಂಟು. ಬಾಣಂತಿಗೆ ಮೆಂತ್ಯದ ಉಂಡೆ ತಿನ್ನಿಸುವ ನಮ್ಮ ಮನೆಗಳಲ್ಲಿ ಈ ಗೊಂದಲ ಇನ್ನೂ ಸಹಜ. ಪಾಠಪುಸ್ತಕದ ರೋಗಲಕ್ಷಣಗಳನ್ನು ಇಲ್ಲಿನ ಅಡಿಗೆಮನೆಯ ಪರಿಭಾಷೆಯಲ್ಲಿ ಮತ್ತೆ ಬರೆಯುವ ಕೆಲಸ ಕನ್ನಡದ ವೈದ್ಯಸಾಹಿತ್ಯದಲ್ಲಿ ಇನ್ನೂ ಆಗಬೇಕಾಗಿದೆ.

ಕರ್ನಾಟಕದ ಆ ಯೋಜನೆ ಸಂಶೋಧನೆಯಾಗಿ ಯಶಸ್ವಿಯಾಯಿತು. ಆದರೆ ಎಲ್ಲ ಶಿಶುಗಳನ್ನು ಒಳಗೊಳ್ಳುವ ಶಾಶ್ವತ ವ್ಯವಸ್ಥೆಯಾಗಿ ಮುಂದುವರಿಯಲಿಲ್ಲ. ಗೋವಾ ರಾಜ್ಯ 2008ರಲ್ಲಿ ತನ್ನ ಶಿಶುಗಳಿಗಾಗಿ ಇಂತಹ ಕಾರ್ಯಕ್ರಮವನ್ನು ಆರಂಭಿಸಿತು. ಕೇಂದ್ರ ಸರ್ಕಾರವು 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜನ್ಮಜಾತ ದೋಷಗಳ ಮತ್ತು ಬೆಳವಣಿಗೆಯ ವಿಳಂಬದ ತಪಾಸಣೆ ಸೇರಿದೆ, ಆದರೆ ಪಿ.ಕೆ.ಯು. ರೋಗಕ್ಕಾಗಿ ದೇಶದ ಪ್ರತಿಯೊಂದು ಶಿಶುವಿನ ಹಿಮ್ಮಡಿಯ ರಕ್ತವನ್ನು ಪರೀಕ್ಷಿಸುವ ಪದ್ಧತಿ ಇನ್ನೂ ಬಂದಿಲ್ಲ. ಆಸ್ಪಾರ್ಟೇಮ್ ಬೆರೆಸಿದ ಸಕ್ಕರೆರಹಿತ ಪಾನೀಯಗಳ ಮೇಲೆ ಇದು ಫೀನೈಲ್‌ಕೀಟೋನೂರಿಯ ಇರುವವರಿಗಲ್ಲ ಎಂಬ ಎಚ್ಚರಿಕೆಯನ್ನು ಸಣ್ಣಕ್ಷರಗಳಲ್ಲಿ ಮುದ್ರಿಸಬೇಕೆಂಬ ನಿಯಮ ಮಾತ್ರ ನಮ್ಮಲ್ಲಿಯೂ ಇದೆ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯು ವಿಶೇಷ ಆಹಾರದಿಂದ ನಿರ್ವಹಿಸಬಹುದಾದ ರೋಗಗಳ ಗುಂಪಿನಲ್ಲಿ ಪಿ.ಕೆ.ಯು. ಹೆಸರನ್ನು ಸೇರಿಸಿದೆ. ನೀತಿಯಡಿ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ಆನುವಂಶಿಕ ವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಜಂಟಿಯಾಗಿ ಸೇರಿವೆ. 2022ರ ತಿದ್ದುಪಡಿಯ ಪ್ರಕಾರ ಪ್ರತಿ ರೋಗಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯಬಹುದು. ಆ ನೆರವಿನ ಅರ್ಜಿಗೆ ರೋಗ ಪತ್ತೆಯಾಗಿರಬೇಕು. ಹುಟ್ಟಿದ ಮೊದಲ ವಾರಗಳಲ್ಲಿ ಪರೀಕ್ಷೆಯಿಲ್ಲದ ಕಡೆ ಅದು ಪತ್ತೆಯಾಗುವುದು, ಮಗು ಕುಳಿತುಕೊಳ್ಳುತ್ತಿಲ್ಲವೆಂದು ತಾಯಿ ಆಸ್ಪತ್ರೆಗೆ ಎತ್ತಿಕೊಂಡು ಬಂದ ಮೇಲೆ.